ಅದೇ ಅಳತೆಯ ಇನ್ನೊಬ್ಬಳು

"ನಿಮ್ಮ ಅಳತೆ ನನ್ನ ಹತ್ರ ಇದೆಯಲ್ಲಕ್ಕಾ, ಮತ್ತೆ ಯಾಕೆ ತೆಗೀಲಿ?" ಎಂದಳು ದರ್ಜಿ ಲಾಯ್, ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತ.

ಮಿಯೆನ್ ನಕ್ಕಳು. "ಬೇರೆ ಯಾರೋ ಇರಬೇಕು. ನಾನು ಹೊಯ್ ಆನ್‌ಗೆ ಕಾಲಿಟ್ಟಿದ್ದೇ ಮೊನ್ನೆ."

"ಒಳ್ಳೆ ತಮಾಷೆ ಮಾಡ್ತೀರ! ಸ್ವಲ್ಪ ಇಳಿದುಹೋಗಿದ್ದೀರ, ಅಷ್ಟೇ. ಮುಖ ಮರೀತೀನಾ?" ಲಾಯ್ ಪುಸ್ತಕ ತಿರುವಿ ಮುಂದಿಟ್ಟಳು. ಹಾಳೆಗೆ ನೇರಳೆ ರೇಷ್ಮೆಯ ಒಂದು ಚೂರನ್ನು ಪಿನ್ ಹಾಕಿ ಚುಚ್ಚಲಾಗಿತ್ತು. ಕೆಳಗೆ ಎದೆ, ಸೊಂಟ, ತೋಳು. ಮೇಲೆ ಹೆಸರು: ಮಿಯೆನ್. ಪಕ್ಕದಲ್ಲಿದ್ದ ಫೋನ್ ನಂಬರು ಅವಳ ಗಂಡ ಖಾಂಗ್‌ನದು.

ಮಿಯೆನ್‌ಳ ನಗು ಅರ್ಧಕ್ಕೇ ನಿಂತಿತು. "ಯಾವಾಗ ಬಂದಿದ್ದೆ ನಾನು?"

"ಮಾರ್ಚ್‌ನಲ್ಲಿ, ಯಜಮಾನ್ರ ಜೊತೆ. ಅವರಿಗೂ ಇದೇ ರೇಷ್ಮೆ, ಇದೇ ಬಣ್ಣ. ಎರಡೇ ದಿನದಲ್ಲಿ ಬೇಕು ಅಂತ ನನ್ನ ಪ್ರಾಣ ತಿಂದ್ರಿ. ವಯಸ್ಸಿಗೆ ತಕ್ಕ ಗಾಂಭೀರ್ಯ ಇರಲಿ ಅಂತ ಹತ್ತು ಸಲ ಹೇಳಿದ್ರಿ. ನೀವು ತೊಟ್ಟು ನಿಂತಾಗ ಯಜಮಾನ್ರು ಕಣ್ಣೊರೆಸ್ಕೊಂಡಿದ್ದು ನಾನು ನೋಡಲಿಲ್ಲ ಅಂದ್ಕೋಬೇಡಿ."

ಮೂವತ್ತೊಂದು ವರ್ಷ ಶಾಲೆಯ ಗಂಟೆಗೆ ಓಗೊಟ್ಟು, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು ಮಿಯೆನ್. ಐದು ದಿನ ಒಬ್ಬಳೇ ಇದ್ದು ಬರಬೇಕೆಂದು ಸೈಗಾನ್‌ನಿಂದ ಹೊರಟಿದ್ದಳು. ಹೊಯ್ ಆನ್ ಎಂದಾಗ ಗಂಡ ಮುಖ ಕಿವುಚಿದ್ದ. "ದಾಲಾತ್‌ಗೆ ಹೋಗು, ತಂಪಾಗಿರುತ್ತೆ." ತಂಗಿ ಥಾಮ್ ಕೂಡ ಅದನ್ನೇ ಹಾಡಿದ್ದಳು. "ಅಲ್ಲೇನಿದೆ ಅಕ್ಕಾ, ಬರೀ ಪ್ರವಾಸಿಗರು." ಆದರೆ ಒಮ್ಮೆ ಆಡಿದ ಮಾತನ್ನು ಹಿಂತೆಗೆದುಕೊಳ್ಳುವುದು ಮಿಯೆನ್‌ಗೆ ಗೊತ್ತಿರಲಿಲ್ಲ. ಎರಡು ದಿನ ಸುಖವಾಗಿ ಕಳೆದಿದ್ದವು. ಬೆಳಗ್ಗೆ ಸಮುದ್ರಸ್ನಾನ, ಮಧ್ಯಾಹ್ನ ಹಳದಿ ಗೋಡೆಯ ನೆರಳಲ್ಲಿ ಒಂದು ಬಟ್ಟಲು ದಪ್ಪ ಶಾವಿಗೆ, ಆಮೇಲೆ ಯಾರಿಗೂ ಉತ್ತರ ಹೇಳಬೇಕಿಲ್ಲದ ನಿದ್ದೆ.

ಮಾರ್ಚ್‌ನಲ್ಲಿ ಖಾಂಗ್ ಕಚೇರಿಯ ಸಭೆಯೆಂದು ಹೊಯ್ ಆನ್ ಪಕ್ಕದ ದಾ ನಾಂಗ್‌ಗೆ ಹೋಗಿದ್ದ. ಅದೇ ವಾರ ಥಾಮ್ ಧ್ಯಾನಕ್ಕೆಂದು ಮಠ ಸೇರಿ ಫೋನ್ ಆರಿಸಿದ್ದಳು.

ಅಕ್ಕತಂಗಿಯರ ನಡುವೆ ಹದಿನಾಲ್ಕು ತಿಂಗಳ ಅಂತರ. ಅದೇ ಎತ್ತರ, ಅದೇ ಭುಜ, ಹೆಚ್ಚುಕಡಿಮೆ ಅದೇ ಮುಖ. ಚಿಕ್ಕಂದಿನಲ್ಲಿ ಒಬ್ಬಳ ಅಂಗಿ ಇನ್ನೊಬ್ಬಳಿಗೆ ಆಗುತ್ತಿತ್ತು.

"ಬಟ್ಟೆ ಎಲ್ಲಿಗೆ ತಲುಪಿಸಿದೆ?" ಮಿಯೆನ್ ಆದಷ್ಟು ಹಗುರವಾಗಿ ಕೇಳಿದಳು.

"ಅದೂ ಮರೆತ್ರಾ? ಕಾಮ್ ಥಾನ್ ಹಳ್ಳೀಲಿ, ನೀಲಿ ಗೇಟಿನ ಮನೆಗೆ. ಬಾಗಿಲಲ್ಲೇ ಇಸ್ಕೊಂಡ್ರಿ, ಒಳಗೆ ಬಾ ಅಂತ ಕೂಡ ಕರೀಲಿಲ್ಲ."

ಬೀದಿಗೆ ಬಂದು ಗಂಡನಿಗೆ ಫೋನ್ ಮಾಡಿದಳು.

"ಹೇಗಿದೆ ವಿಶ್ರಾಂತಿ?" ಎಂದ ಖಾಂಗ್.

"ಚೆನ್ನಾಗಿದೆ. ಒಂದು ನಿಲುವಂಗಿ ಹೊಲಿಸೋಣ ಅಂತ ಬಂದೆ."

"ಅಲ್ಲೇ ಯಾಕೆ? ಸೈಗಾನ್‌ನಲ್ಲಿ ದರ್ಜಿಗಳಿಲ್ವಾ?"

"ಇಲ್ಲಿ ನನ್ನ ಅಳತೆ ಗೊತ್ತಿರೋರು ಇದ್ದಾರೆ."

"ಬಿಸಿಲಲ್ಲಿ ಜಾಸ್ತಿ ಅಲೀಬೇಡ, ಮಿಯೆನ್," ಎಂದವನೇ ಫೋನ್ ಇಟ್ಟ.

ತಂಗಿಗೆ ಮಾಡಿದಳು. ಬೇರೆ ಕರೆಯಲ್ಲಿದ್ದಳು. ಮತ್ತೆ ಗಂಡನಿಗೆ ಮಾಡಿದಳು. ಅವನೂ ಬೇರೆ ಕರೆಯಲ್ಲಿದ್ದ.

ಬಾಡಿಗೆ ಬೈಕಿನ ಹಿಂದೆ ಕುಳಿತು, ಟೋಪಿ ಹಾಕಿ, ಬಿಸಿಲು-ಧೂಳಿಗೆ ಎಲ್ಲ ಹೆಂಗಸರಂತೆ ಬಟ್ಟೆಯ ಮುಸುಕು ಕಟ್ಟಿಕೊಂಡು ಕಾಮ್ ಥಾನ್ ಕಡೆ ಹೊರಟಳು. ಹೊರಗಿನವಳಾಗಿದ್ದರೆ ಬೈದು ಹಗುರಾಗಬಹುದಿತ್ತು. ತಾಯಿ ಸತ್ತ ಮೇಲೆ ತಾನೇ ಜಡೆ ಹೆಣೆದು ನೋಡಿಕೊಂಡ ತಂಗಿಯನ್ನು ಏನೆಂದು ಬೈಯುವುದು? ತನ್ನ ಮಗಳು ಖ್ವೇ ಓದಿಲ್ಲದ ಹುಡುಗನೊಬ್ಬನನ್ನು ಮೆಚ್ಚಿ ಮನೆ ಬಿಟ್ಟು ಮೂರು ವರ್ಷವಾಗಿತ್ತು. ಆ ಹೆಸರನ್ನು ಮನೆಯಲ್ಲಿ ಎತ್ತಕೂಡದೆಂದು ಮಿಯೆನ್ ಅಂದೇ ಕಟ್ಟಪ್ಪಣೆ ಮಾಡಿದ್ದಳು. ಆಮೇಲೆ ಅವಳಿಗೆಂದು ಉಳಿದಿದ್ದವರು ಇಬ್ಬರೇ. ಈಗ ಆ ಇಬ್ಬರೂ ಒಂದೇ ಪುಟದಲ್ಲಿದ್ದರು.

ನೀಲಿ ಗೇಟು ತೆರೆದೇ ಇತ್ತು. ಅಂಗಳದಲ್ಲಿ ಮುದುಕಿಯೊಬ್ಬಳು ಸೂರಿಗೆ ಹೊದಿಸಲು ನೀರುತೆಂಗಿನ ಗರಿ ಹೆಣೆಯುತ್ತಿದ್ದಳು. ಮಿಯೆನ್ ಮುಸುಕು ಬಿಚ್ಚದೆ ಫೋನಿನಲ್ಲಿದ್ದ ಚಿತ್ರ ತೋರಿಸಿದಳು. ಖಾಂಗ್, ಪಕ್ಕದಲ್ಲಿ ಥಾಮ್. ಹೊಸವರ್ಷದ ದಿನ ಮಿಯೆನ್ ತಾನೇ ತೆಗೆದದ್ದು.

"ಇವರು ಗೊತ್ತಾ ಅಜ್ಜಿ?"

"ಗೊತ್ತಿಲ್ದೆ ಏನು!" ಮುದುಕಿಯ ಮುಖ ಅರಳಿತು. "ಮಾರ್ಚ್‌ನಲ್ಲಿ ಮೂರು ದಿನ ಇಲ್ಲೇ ಇದ್ರು. ಬಂಗಾರದಂಥ ಜೋಡಿ."

"ಒಂದೇ ಕೋಣೆಯಲ್ಲಿ?"

"ಗಂಡ ಹೆಂಡ್ತಿಗೆ ಎರಡೆರಡು ಕೋಣೆ ಕೊಡ್ತಾರಾ? ಆದ್ರೆ ಆ ಮಹಾರಾಯ ಸೆಕೆ ಅಂತ ಜಗಲಿ ಮೇಲೇ ಮಲಗಿದ. ನೀನು ಯಾರಮ್ಮಾ? ಸೈಗಾನ್ ಕಡೆಯೋಳ ಹಾಗೆ ಮಾತಾಡ್ತೀಯ."

ಶಾಲೆಯ ಮಕ್ಕಳ ಮುಂದೆ ಕೂಡ ಇಷ್ಟು ಗಟ್ಟಿಯಾಗಿ ಮಿಯೆನ್ ಮಾತನಾಡಿದ್ದಿಲ್ಲ. "ಅಜ್ಜಿ, ಅವರು ನಿಮಗೆ ಸುಳ್ಳು ಹೇಳಿದ್ದಾರೆ. ಅವಳು ಅವನ ಹೆಂಡ್ತಿ ಅಲ್ಲ! ಆ ಹೆಸರೂ ಅವಳದಲ್ಲ! ಇನ್ನೊಬ್ಬಳ ಸಂಸಾರಕ್ಕೆ ಬೆಂಕಿ ಇಟ್ಟೋಳು ಅವಳು!"

ಮುದುಕಿಯ ಕೈಯಲ್ಲಿದ್ದ ಗರಿ ನಿಂತಿತು. ಮೊಣಕಾಲಿಗೆ ಕೈಕೊಟ್ಟು ಮೆಲ್ಲನೆ ಎದ್ದಳು. ಒಳಬಾಗಿಲನ್ನು ಅರ್ಧ ಎಳೆದು ಬಂದು ದನಿ ತಗ್ಗಿಸಿದಳು.

"ನಾಲಿಗೆ ಹಿಡಿದು ಮಾತಾಡು ತಾಯಿ. ಅವರು ನಮ್ಮ ಬೀಗರು, ಇದೇ ಅಂಗಳದಲ್ಲಿ ನಿಂತು ನನ್ನ ಮೊಮ್ಮಗನಿಗೆ ಹೆಣ್ಣು ಕೊಟ್ಟೋರು. ಒಳಗೆ ಖ್ವೇ ಮಲಗಿದಾಳೆ, ತುಂಬಿದ ಬಸುರಿ; ಹೆತ್ತ ತಾಯಿ ಮೇಲೆ ಇಂಥ ಮಾತು ಅವಳ ಕಿವಿಗೆ ಬೀಳಬಾರದು."