ಕ್ಯೂಬಾದ ಬಳಿಯ ಕೆಂಪು

"ಅವ ಕುಡೀತಾನೆ. ಅನುಮಾನವೇ ಬೇಡ," ಎಂದು ಮೋಹನದಾಸರು ಹಡಗಿನಿಂದ ಬಂದ ಕಾಗದವನ್ನು ಮಡಚಿ ತಮ್ಮ ಹೋಟೆಲಿನ ಗಲ್ಲಾದ ಮೇಲೆ ಕುಕ್ಕಿದರು.

ಕಾಗದ ಹಡಗಿನಲ್ಲಿ ಕೆಲಸಕ್ಕಿದ್ದ ಭಾವೀ ಅಳಿಯ ಹರಿಶ್ಚಂದ್ರನದು. ೧೯೮೯ರ ಮಾರ್ಚ್ ಹದಿಮೂರರ ರಾತ್ರಿ, ಕ್ಯೂಬಾದ ಹತ್ತಿರ, ಉತ್ತರದ ಆಕಾಶವೆಲ್ಲ ಕೆಂಪಾಗಿ ಪರದೆಯ ಹಾಗೆ ಅಲುಗಾಡಿತಂತೆ. ಇವನು ಡೆಕ್ಕಿನ ಮೇಲೆ ಎರಡು ಗಂಟೆ ನಿಂತು ನೋಡಿದನಂತೆ.

ಮಗಳು ಪ್ರೇಮಾವತಿ ಕಾಗದವನ್ನು ಎತ್ತಿಕೊಂಡು ಬಿಡಿಸಿ ಓದಿದಳು. ಪುಣೆಯ ಆ ಹೋಟೆಲಿನಲ್ಲಿ ಕುಡುಕರಿಗೆ ಒಂದು ಲೋಟ ನೀರೂ ಸಿಗುತ್ತಿರಲಿಲ್ಲ, ಮಗಳು ಸಿಗುವುದಂತೂ ದೂರದ ಮಾತು. ಹುಡುಗನನ್ನು ಅವಳು ನೋಡಿದ್ದು ಒಂದೇ ಸಲ. ಅಷ್ಟಕ್ಕೇ ಅವನು ತುಂಬಾ ಹಿಡಿಸಿಬಿಟ್ಟಿದ್ದ.

"ಧ್ರುವದ ಹತ್ತಿರ ಹಾಗೆ ಕಾಣ್ತದೆ ಅಪ್ಪ. ಶಾಲೆಯಲ್ಲಿ ಓದಿದ್ದೆ."

"ಕ್ಯೂಬಾ ಎಂತ ಧ್ರುವವಾ? ನಮ್ಮ ಹಾಗೇ ಸೆಕೆಯ ಊರು ಮಾರಾಯ್ತಿ. ಹೆಸರಿಗೆ ಮಾತ್ರ ಹರಿಶ್ಚಂದ್ರ. ನಾಳೆಯೇ ಸಂಬಂಧ ಬೇಡ ಅಂತ ಬರೆಸ್ತೇನೆ."

ಮರುದಿನ ಬೆಳಿಗ್ಗೆ ಪ್ರೇಮಾವತಿ ಅಡುಗೆಮನೆಯ ಹಿಂದಿನ ರದ್ದಿಯ ರಾಶಿಗೆ ಕೈ ಹಾಕಿದಳು. ಪಾರ್ಸೆಲ್ ಕಟ್ಟಲೆಂದು ತಂದಿಟ್ಟ ಹಳೆಯ ಪತ್ರಿಕೆಗಳು. ಮಾರ್ಚ್ ತಿಂಗಳ ಅರ್ಧ ಭಾಗ ಆಗಲೇ ವಡೆಗಳ ಜೊತೆ ಊರೆಲ್ಲ ಹಂಚಿಹೋಗಿತ್ತು. ಅವಳು ಬಿಡಲಿಲ್ಲ. ಸೀನುತ್ತ, ಕೈ ಕಪ್ಪು ಮಾಡಿಕೊಂಡು ಹುಡುಕಿದಳು. ಕಡೆಗೆ ಎಣ್ಣೆ ಹೀರಿದ ಒಂದು ಮರಾಠಿ ಹಾಳೆಯ ಮೂಲೆಯಲ್ಲಿ ನಾಲ್ಕು ಸಾಲು ಸಿಕ್ಕಿತು: ಸೂರ್ಯನಲ್ಲಿ ಭಾರಿ ಬಿರುಗಾಳಿ, ಧ್ರುವಪ್ರದೇಶದ ಬೆಳಕು ಕ್ಯೂಬಾದವರೆಗೂ ಕಂಡಿತು.

ಮೋಹನದಾಸರು ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದರು. ತಾರೀಖನ್ನೂ ನೋಡಿದರು.

"ಹಾಗಾದ್ರೆ ಕುಡಿಯೂದಿಲ್ಲ," ಎಂದು ಹೊಟ್ಟೆ ತುಂಬ ಉಂಡವರ ಹಾಗೆ ನಿಟ್ಟುಸಿರು ಬಿಟ್ಟರು. ಹುಡುಗ ಅವರಿಗೂ ಹಿಡಿಸಿದ್ದ, ಹೇಳಿಕೊಂಡಿರಲಿಲ್ಲ ಅಷ್ಟೆ. "ತೆಗೆ ಕಾಗದ, ಬರಿ."

ಅವರ ಅಕ್ಷರ ಅವರಿಗೇ ಓದಲು ಬರುತ್ತಿರಲಿಲ್ಲ. ಹಾಗಾಗಿ ಮನೆಯ ಕಾಗದಗಳನ್ನೆಲ್ಲ ಮಗಳೇ ಬರೆಯುವುದು. ಅಪ್ಪ ಹೇಳುತ್ತ ಹೋದರು: "ಮದುವೆ ಮೇ ತಿಂಗಳಲ್ಲಿ. ಖುಷಿಯಾಗಿದೆ. ಆದರೆ ಇನ್ನು ಮುಂದೆ ಆಕಾಶದ ಸುದ್ದಿ ಬೇಡ. ಆರೋಗ್ಯದ ವಿಷಯ ಮಾತ್ರ ಬರೆಯತಕ್ಕದ್ದು."

ಅವಳು ಒಂದಕ್ಷರವೂ ಬಿಡದೆ ಬರೆದಳು. ಅಪ್ಪ ಗಿರಾಕಿಗಳನ್ನು ಮಾತಾಡಿಸಲು ಎದ್ದುಹೋದ ಮೇಲೆ, ಅಂಟು ಹಚ್ಚುವ ಮುಂಚೆ, ಕೆಳಗೆ ಸಣ್ಣದಾಗಿ ಸೇರಿಸಿದಳು:

"ಕೆಂಪಿನ ವಿಷಯ ಪೂರ್ತಿ ಬರೆಯಿರಿ. ಮಧ್ಯಾಹ್ನ ಟಪಾಲಿನವನು ಬರುವಾಗ ಅಪ್ಪ ಮಲಗಿರುತ್ತಾರೆ."