ತೊಳೆದ ತಲೆಯ ವರ

ಹೆಣ್ಣು ನೋಡಲು ಬರುವ ಗಂಡು ತನ್ನ ನೆನಪಿನ ತಪಾಸಣೆ ಮಾಡಿಸಿ ವರದಿ ತರುವುದು ಈಗ ಮೈಸೂರಿನಲ್ಲಿ ಜಾತಕ ತಂದಷ್ಟೇ ಮಾಮೂಲು. ವಲ್ಲಭನ ವರದಿಯಲ್ಲಿ ಒಬ್ಬ ಹೆಣ್ಣಿನ ನೆರಳೂ ಇರಲಿಲ್ಲ. ಇನ್ನೂ ಶ್ರೀಮಂತಳೊಬ್ಬಳು ಸಿಕ್ಕಾಗಲೆಲ್ಲ ಹಿಂದಿನವಳನ್ನು ಕೈಬಿಟ್ಟು, ಗಡ್ಡ ಬೋಳಿಸಿಕೊಂಡಷ್ಟು ಸಲೀಸಾಗಿ ಅವಳ ನೆನಪನ್ನೇ ತಲೆಯಿಂದ ತೊಳೆಸಿಕೊಳ್ಳುತ್ತಿದ್ದ.

ಈ ಸಲ ಅವನು ನೋಡಲು ಬಂದಿದ್ದ ಹೆಣ್ಣು, ಎರಡು ಗಿರಣಿಗಳ ಒಡತಿ ನಿರುಪಮಾ, ಎದುರಿಗೆ ಕೂತು ಕಾಫಿ ಕುಡಿಯುತ್ತಿದ್ದಳು. ಅವಳ ಬೆರಳು ನೋಡಿ ಅವನು ನಿಟ್ಟುಸಿರಿಟ್ಟ.

"ಈ ಬೆರಳು ವೀಣೆ ನುಡಿಸೋಕೇ ಹುಟ್ಟಿದ್ದು."

ಹನ್ನೆರಡು ವರ್ಷದ ಹಿಂದೆ, ಅವಳಿನ್ನೂ ಟೈಪಿಸ್ಟ್ ಆಗಿದ್ದಾಗ, ಇದೇ ವಲ್ಲಭ ಇದೇ ಮಾತು ಹೇಳಿ ಇದೇ ನಿಟ್ಟುಸಿರು ಬಿಟ್ಟಿದ್ದ. ಅವನು ಬಿಟ್ಟುಹೋದಾಗ ತಿಂಗಳುಗಟ್ಟಲೆ ಅತ್ತಿದ್ದಳು. ಈಗ ಆಕಳಿಕೆ ಬಂತು.

ಕಲೆಯಿಲ್ಲದ ಆ ವರದಿಯ ಮೇಲೆ ಲೋಟ ಇಟ್ಟಳು.

"ಮುಂದಿನದು ನಾನೇ ಹೇಳ್ಲಾ? 'ನನ್ನ ಬಾಳಲ್ಲಿ ನೀವೇ ಮೊದಲನೆಯವರು.'"

ವಲ್ಲಭನ ಮುಖ ಅರಳಿತು. "ಅಯ್ಯೋ, ನನ್ನ ಮನಸ್ಸಲ್ಲಿದ್ದದ್ದು ನಿಮಗೆ ಹೇಗ್ರೀ ಗೊತ್ತಾಯ್ತು!"