ಸಂಡಿಗೆಯ ಕಾವಲು

ಸಿಡ್ನಿಯ ಮನೆಯ ಹಿತ್ತಲಲ್ಲಿ ಸಂಡಿಗೆ ಒಣಹಾಕಿ, ಕಾಯಲು ಗಂಡನನ್ನು ಕೂರಿಸಿ, ಜಲಜಾಕ್ಷಿ ಒಳಗೆ ಹೋದಳು. ಅಷ್ಟರಲ್ಲಿ ದೊಡ್ಡ ಹಕ್ಕಿಯೊಂದು ಬಂದು ಬೇಲಿಯಾಚೆಯ ಮರದ ತುದಿಯಲ್ಲಿ ಕೂತಿತು. ಅವನು ಕುರ್ಚಿಯನ್ನು ಅತ್ತ ತಿರುಗಿಸಿಕೊಂಡು ದುರ್ಬೀನು ಎತ್ತಿದ.

"ಲೇ ಇವಳೇ, ಮೈಯೆಲ್ಲ ಬಿಳಿ ಪುಕ್ಕ, ತಲೆ ಮೇಲೆ ಹಳದಿ ಜುಟ್ಟು! ಕಾಡು ಕಾಕಟೂ ಗಿಳಿ ಕಣೇ!"

"ಯಾರಾದ್ರೂ ಸಾಕಿದ್ದಿರಬೇಕು ಬಿಡ್ರಿ," ಅಡುಗೆಮನೆಯಿಂದಲೇ ಅವಳು ಕೂಗಿದಳು.

"ಅಭ್ಯಾಸ ನೋಡಿದ್ರೆ ಗೊತ್ತಾಗಲ್ವಾ? ಗುಂಪೆಲ್ಲ ಕೆಳಗೆ ಮೇಯೋವಾಗ ಒಂದು ಮಾತ್ರ ಹೀಗೆ ಮೇಲೆ ಕೂತು ಕಾವಲು ಕಾಯತ್ತೆ. ನೋಡು, ಕಣ್ಣು ಮಿಟುಕಿಸದೆ ನನ್ನನ್ನೇ ನೋಡ್ತಿದೆ!"

"ಹಾಗಾದ್ರೆ ಮಿಕ್ಕವೆಲ್ಲ ಎಲ್ಲಿ ಮೇಯ್ತಿವೆ ರೀ?"

ಅವನ ಬೆನ್ನ ಹಿಂದೆ ಕುರುಂ ಕುರುಂ ಸದ್ದಾಯಿತು.